ಆಮಂತ್ರಣ ಪತ್ರಿಕೆ, ಎಐ ಮತ್ತು ಹನ್ನೊಂದು ಜನರ ಸಮಿತಿ: ಕ್ಯಾನ್ವಾ, ಫೋಟೋಶಾಪ್‌ನಲ್ಲಿ ಕನ್ನಡ ಡಿಸೈನ್ ಮಾಡುವ ಸಮಗ್ರ ಮಾರ್ಗದರ್ಶಿ

ಅಕ್ಟೋಬರ್ ಎರಡನೇ ವಾರ ಬಂತು ಅಂದ್ರೆ ನನ್ನ ವಾಟ್ಸಾಪ್‌ಗೆ ಪುರುಸೊತ್ತೇ ಇರುವುದಿಲ್ಲ. ರಾಜ್ಯೋತ್ಸವದ ಆಮಂತ್ರಣ ಪತ್ರಿಕೆ, ವೇದಿಕೆಯ ಹಿಂದಿನ ಫ್ಲೆಕ್ಸ್, ಸ್ಟೇಟಸ್‌ಗೆ ಹಾಕುವ ಪೋಸ್ಟರ್. ಮೂರೂ ಒಂದೇ ವಾರದಲ್ಲಿ ಆಗಬೇಕು. ಹೇಳುವವರು ಸಮಿತಿಯ ಹನ್ನೊಂದು ಜನ, ಮಾಡುವವನು ನಾನೊಬ್ಬ. ಈಚೆಗೆ ಇದಕ್ಕೆ ಹನ್ನೆರಡನೆಯವನೊಬ್ಬ ಸೇರಿಕೊಂಡಿದ್ದಾನೆ: ಎಐ. ಅವನಿಗೆ ಸರಿಯಾದ ಕೆಲಸ ಕೊಟ್ಟರೆ ಎರಡು ದಿನದ ಕೆಲಸ ಅರ್ಧ ದಿನಕ್ಕೆ ಮುಗಿಯುತ್ತದೆ. ತಪ್ಪು ಕೆಲಸ ಕೊಟ್ಟರೆ ಊರೆಲ್ಲ ನಗುವ ಹಾಗೆ ಮಾಡಿಡುತ್ತಾನೆ.

ಇಲ್ಲಿ ಒಂದು ಆಮಂತ್ರಣ ಪತ್ರಿಕೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಮೊದಲಿನಿಂದ ಪ್ರೆಸ್‌ವರೆಗೆ ಹೋಗೋಣ. ಮದುವೆ ಕರೆಯೋಲೆ, ಶಾಲಾ ವಾರ್ಷಿಕೋತ್ಸವ, ಅಂಗಡಿ ಉದ್ಘಾಟನೆ, ಯಾವುದಕ್ಕಾದರೂ ದಾರಿ ಇದೇ.

ನಾನು ಪುಟ ಜೋಡಿಸುವುದು ಕ್ಯಾನ್ವಾದಲ್ಲಿ, ಫೋಟೋ ರಿಪೇರಿ ಮಾಡುವುದು ಫೋಟೋಶಾಪ್‌ನಲ್ಲಿ. ಕ್ಯಾನ್ವಾ ಬಿಟ್ಟಿ ಖಾತೆಯಲ್ಲೂ ಜಾಸ್ತಿ ಕೆಲಸ ಆಗುತ್ತದೆ. ಹಿನ್ನೆಲೆ ತೆಗೆಯುವುದು, ಒಂದೇ ಡಿಸೈನನ್ನು ಬೇರೆ ಬೇರೆ ಸೈಜಿಗೆ ಬದಲಿಸುವುದು, ಇಂಥವು ಪೂರ್ತಿಯಾಗಿ ಸಿಗುವುದು ಪ್ರೊ ಖಾತೆಯವರಿಗೆ. ಫೋಟೋಶಾಪ್‌ಗೆ ಹೇಗೂ ಚಂದಾ ಕಟ್ಟಬೇಕು.

ಹಂತ 1: ವಿಷಯವನ್ನು ಒಂದು ಕಡೆ ತನ್ನಿ

ಡಿಸೈನ್ ತೆರೆಯುವ ಮುಂಚೆ ಮಾತು ಮುಗಿದಿರಬೇಕು. ನಮ್ಮ ಸಮಿತಿಯಲ್ಲಿ ಮಾಹಿತಿ ಬರುವುದು ಚೂರುಚೂರಾಗಿ. ಒಬ್ಬರು ಸಮಯ ಹೇಳುತ್ತಾರೆ, ಇನ್ನೊಬ್ಬರು ಅತಿಥಿಯ ಹೆಸರು ವಾಯ್ಸ್ ಮೆಸೇಜಲ್ಲಿ ಹೇಳುತ್ತಾರೆ, ಮತ್ತೊಬ್ಬರು ಎಲ್ಲ ಆದಮೇಲೆ ‘ಸ್ಥಳ ಬದಲಾಗಿದೆ ಸರ್’ ಅನ್ನುತ್ತಾರೆ. ಎಐ ನಿಜಕ್ಕೂ ಉಪಯೋಗಕ್ಕೆ ಬರುವ ಮೊದಲ ಜಾಗ ಇದು.

ಎಲ್ಲ ಮೆಸೇಜುಗಳನ್ನು ನಕಲು ಮಾಡಿ. ಫೋನ್ ನಂಬರುಗಳನ್ನು ಅಳಿಸಿ. ಆಮೇಲೆ ಕ್ಯಾನ್ವಾದ ಮ್ಯಾಜಿಕ್ ರೈಟ್‌ಗೋ ನೀವು ಬಳಸುವ ಬೇರೆ ಎಐ ಸಹಾಯಕನಿಗೋ ಹೀಗೆ ಹೇಳಿ: ‘ಇದರಲ್ಲಿರುವ ದಿನಾಂಕ, ವಾರ, ಸಮಯ, ಸ್ಥಳ, ಅತಿಥಿಗಳು, ಕಾರ್ಯಕ್ರಮಗಳನ್ನು ಬೇರೆ ಬೇರೆ ಮಾಡು. ಒಂದಕ್ಕೊಂದು ತಾಳೆಯಾಗದ್ದನ್ನು ತೋರಿಸು. ಇಲ್ಲದ್ದನ್ನು ನೀನೇ ತುಂಬಬೇಡ, ಖಾಲಿ ಬಿಡು.’ ಆ ಕೊನೆಯ ವಾಕ್ಯ ಮರೆಯಬೇಡಿ. ಅದಿಲ್ಲದಿದ್ದರೆ ಸಂಜೆ 5 ಗಂಟೆಗೆ ‘ದೀಪ ಬೆಳಗುವಿಕೆ’ ಅಂತ ಯಾರೂ ಹೇಳದ ಕಾರ್ಯಕ್ರಮವೊಂದು ತಾನಾಗಿ ಹುಟ್ಟಿಕೊಳ್ಳುತ್ತದೆ. ದಿನಾಂಕಕ್ಕೂ ವಾರಕ್ಕೂ ತಾಳೆಯಾಗುತ್ತದಾ ಅಂತ ಮಾತ್ರ ಕ್ಯಾಲೆಂಡರ್ ತೆಗೆದು ನೀವೇ ನೋಡಿ.

ಹಾಗಾದರೆ ಒಕ್ಕಣೆಯನ್ನೂ ಅದರ ಕೈಲೇ ಬರೆಸಬಹುದಲ್ವಾ? ಬೇಡ. ಬರೆಸಿ ನೋಡಿ, ‘ನಿಮ್ಮನ್ನು ಆಹ್ವಾನಿಸಲು ನಾವು ಉತ್ಸುಕರಾಗಿದ್ದೇವೆ’ ಅನ್ನುತ್ತದೆ. ನಮ್ಮ ಕಡೆ ಯಾವ ಪತ್ರಿಕೆಯಲ್ಲಿ ಹೀಗೆ ಬರೆಯುತ್ತಾರೆ? ‘ಸರ್ವರಿಗೂ ಆದರದ ಸ್ವಾಗತ’, ‘ತಮ್ಮ ಸುಖಾಗಮನ ಬಯಸುವ’ ಅಂದರೆ ಮುಗಿಯಿತು. ಇದು ನಿಮಗೇ ಚೆನ್ನಾಗಿ ಗೊತ್ತು.

ಹೆಸರುಗಳ ಅನುಕ್ರಮವನ್ನಂತೂ ಯಂತ್ರಕ್ಕೆ ಬಿಡಲೇಬೇಡಿ. ಅಧ್ಯಕ್ಷತೆ ಯಾರದು, ಉದ್ಘಾಟನೆ ಯಾರದು, ಯಾರ ಹೆಸರು ‘ಮುಖ್ಯ ಅತಿಥಿಗಳು’ ಕೆಳಗೆ ಬರಬೇಕು, ಯಾರದು ‘ಘನ ಉಪಸ್ಥಿತಿ’ಗೆ ಹೋಗಬೇಕು, ಯಾರಿಗೆ ಶ್ರೀ ಸಾಕು, ಯಾರಿಗೆ ಡಾ. ಬಿಟ್ಟುಹೋದರೆ ಮುಂದಿನ ವರ್ಷದ ದೇಣಿಗೆಯೂ ಹೋಗುತ್ತದೆ, ಇದೆಲ್ಲ ಊರಿನ ರಾಜಕೀಯ. ಎಐ ಅಕಾರಾದಿಯಲ್ಲಿ ಜೋಡಿಸಿ ಕೊಟ್ಟರೆ ನಿಮ್ಮ ಕತೆ ಮುಗಿಯಿತು.

ಹಂತ 2: ಅಕ್ಷರ ಪರೀಕ್ಷೆ

ಸಮಿತಿಯ ಕಾರ್ಯದರ್ಶಿ ಕಳಿಸುವ ಫೈಲ್ ಹಲವು ಸಲ ಹಳೆಯ ನುಡಿ ಫಾಂಟಿನಲ್ಲಿ ಇರುತ್ತದೆ. ಅದನ್ನು ನಕಲು ಮಾಡಿ ಕ್ಯಾನ್ವಾಗೆ ಅಂಟಿಸಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಫೈಲ್ ಕೆಟ್ಟಿಲ್ಲ. ಅದು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಅಲ್ಲ, ಅಷ್ಟೇ. ಆಸ್ಕಿಯಿಂದ (ಇಂಥ ಹಳೆಯ ಫಾಂಟುಗಳ ಸಂಕೇತದಿಂದ) ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳು ಉಚಿತವಾಗಿ ಸಿಗುತ್ತವೆ. ಅದರಲ್ಲಿ ಬದಲಿಸಿ, ಆಮೇಲೆ ಒಂದು ಸಲ ಅಕ್ಷರ ಅಕ್ಷರ ಓದಿ. ಅರ್ಕಾವೊತ್ತು ಬರುವ ಕಡೆ ಎಡವಟ್ಟಾಗುವುದು ಜಾಸ್ತಿ.

ಈಗ ಫಾಂಟ್. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ಅನೇಕ್ ಕನ್ನಡ, ಬಾಲೂ ತಮ್ಮ, ನೋಟೋ ಸಾನ್ಸ್ ಕನ್ನಡ, ತಿರೋ ಕನ್ನಡ, ಈ ನಾಲ್ಕರಲ್ಲಿ ನನ್ನ ಮುಕ್ಕಾಲು ಕೆಲಸ ನಡೆಯುತ್ತದೆ. ತಲೆಬರಹಕ್ಕೆ ಬಾಲೂ ತಮ್ಮದ ದುಂಡಗಿನ ದಪ್ಪ ಅಕ್ಷರ, ಒಳಗಿನ ವಿವರಕ್ಕೆ ಅನೇಕ್. ಯಾವುದನ್ನೇ ಆರಿಸಿದರೂ ಮೊದಲು ಈ ಪದಗಳನ್ನು ಟೈಪ್ ಮಾಡಿ ನೋಡಿ: ರಾಜ್ಯೋತ್ಸವ, ಕಾರ್ಯಕ್ರಮ, ಸ್ವಾತಂತ್ರ್ಯ, ರಾಷ್ಟ್ರ, ಬೈಕ್ ರ‍್ಯಾಲಿ.

ಕೊನೆಯದು ಸುಮ್ನೆ ಸೇರಿಸಿದ್ದಲ್ಲ. ‘ರ‍್ಯಾಲಿ’ ಸರಿಯಾಗಿ ಬರಬೇಕಾದರೆ ರ ಅಕ್ಷರದ ಪಕ್ಕ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆಯೊಂದು ಇರಬೇಕು. ಅದು ಕಳಚಿಕೊಂಡರೆ ‘ರ್ಯಾಲಿ’ ಆಗಿ, ಅರ್ಕಾವೊತ್ತು ಹಿಂದೆ ಹೋಗಿ ಕೂರುತ್ತದೆ. ಎಐ ‘ತಿದ್ದಿ’ ಕೊಟ್ಟ ಪಠ್ಯದಲ್ಲಿ ಈ ಚಿಹ್ನೆ ಮಾಯವಾಗಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಸಾಲುಗಳ ನಡುವಿನ ಅಂತರ ಇಂಗ್ಲಿಷಿಗೆ ಇಡುವುದಕ್ಕಿಂತ ಜಾಸ್ತಿ ಇರಲಿ. ನಮ್ಮ ಒತ್ತಕ್ಷರ ಕೆಳಗೆ ಜೋತುಬೀಳುತ್ತದೆ, ಗುಣಿಸು ಮೇಲೆ ಏಳುತ್ತದೆ. ಕ್ಯಾನ್ವಾದಲ್ಲಿ 1.4ರಿಂದ 1.6 ಇಟ್ಟರೆ ಎರಡಕ್ಕೂ ಉಸಿರಾಡಲು ಜಾಗ ಸಿಗುತ್ತದೆ. ಅಕ್ಷರಗಳ ನಡುವಿನ ಅಂತರ ಮಾತ್ರ ಸೊನ್ನೆಯಲ್ಲೇ ಇರಲಿ.

ಫೋಟೋಶಾಪ್‌ನಲ್ಲಿ ಕನ್ನಡ ಒಡೆದು ಕಾಣುತ್ತಿದ್ದರೆ ತಪ್ಪು ಫಾಂಟಿನದ್ದಲ್ಲದೆಯೂ ಇರಬಹುದು. ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೂಲೆಯ ಮೆನು ತೆರೆದು ‘ವರ್ಲ್ಡ್-ರೆಡಿ ಲೇಔಟ್’ ಆರಿಸಿ. ಹಳೆಯ ಆವೃತ್ತಿಯಾದರೆ ಪ್ರಿಫರೆನ್ಸಸ್‌ನ ಟೈಪ್ ಭಾಗದಲ್ಲಿ ಇದನ್ನು ಬದಲಿಸಿ, ಹೊಸ ಫೈಲ್ ತೆರೆಯಬೇಕು.

ಹಂತ 3: ಚಿತ್ರ

ಇಲ್ಲಿ ಎಐ ನಿಮ್ಮ ಬಲಗೈ. ಆದರೆ ಅದನ್ನು ಕಣ್ಣಿಟ್ಟು ಕಾಯಬೇಕು.

ಮೊದಲ ಆಸೆ ಎಲ್ಲರದ್ದೂ ಒಂದೇ: ‘ಕನ್ನಡ ರಾಜ್ಯೋತ್ಸವ ಪೋಸ್ಟರ್ ಮಾಡಿಕೊಡು’ ಅಂತ ಪೂರ್ತಿ ಪೋಸ್ಟರನ್ನೇ ಕೇಳಿಬಿಡುವುದು. ಬರುವ ಚಿತ್ರ ಚೆನ್ನಾಗಿಯೇ ಇರುತ್ತದೆ. ಅದರ ಮೇಲಿನ ಅಕ್ಷರ ದೂರದಿಂದ ಕನ್ನಡದ ಹಾಗೆ, ಹತ್ತಿರದಿಂದ ಅರ್ಧ ತೆಲುಗಿನ ಹಾಗೆ, ಓದಲು ಹೋದರೆ ಯಾವುದೂ ಅಲ್ಲದ ಹಾಗೆ ಇರುತ್ತದೆ. ಹೊಸ ಎಐ ಮಾದರಿಗಳು ಮೊದಲಿಗಿಂತ ಸುಧಾರಿಸಿವೆ, ನಿಜ. ಆದರೂ ಒತ್ತಕ್ಷರ ಬಂದ ಕಡೆ ಅವುಗಳ ಕೈ ನಡುಗುತ್ತದೆ. ಆದ್ದರಿಂದ ಚಿತ್ರ ಕೇಳುವಾಗಲೇ ‘ಯಾವ ಅಕ್ಷರವೂ ಬೇಡ, ಮೇಲಿನ ಮೂರನೇ ಒಂದು ಭಾಗ ಖಾಲಿ ಇರಲಿ’ ಎಂದು ಹೇಳಿ. ಅಕ್ಷರವನ್ನು ಆ ಖಾಲಿ ಜಾಗದಲ್ಲಿ ನೀವೇ ಟೈಪ್ ಮಾಡಿ. ಆಗಲೇ ಕೊನೆಯ ಗಳಿಗೆಯಲ್ಲಿ ಸಮಯ ಬದಲಾದರೂ ತಿದ್ದಬಹುದು.

ಎರಡನೆಯ ಸಮಸ್ಯೆ ದೇವಸ್ಥಾನ. ‘ಕರ್ನಾಟಕದ ದೇವಾಲಯ’ ಎಂದು ಕೇಳಿದರೆ ಎತ್ತರದ, ಬಣ್ಣಬಣ್ಣದ ಗೋಪುರ ಬರುತ್ತದೆ. ಅದು ತಮಿಳುನಾಡಿನ ನೆನಪು. ‘ಹೊಯ್ಸಳ’ ಎಂಬ ಹೆಸರೊಂದೇ ಸಾಲದು, ಆಕಾರವನ್ನು ವರ್ಣಿಸಬೇಕು. ನಾನು ಕೇಳುವುದು ಇಂಗ್ಲಿಷಿನಲ್ಲಿ, ಅದರ ಸಾರ ಇದು: ‘ನಕ್ಷತ್ರಾಕಾರದ ತಳವಿನ್ಯಾಸ, ಎತ್ತರದ ಕಲ್ಲಿನ ಜಗತಿಯ ಮೇಲೆ ಕಟ್ಟಿದ್ದು, ಕಪ್ಪುಬೂದು ಬಣ್ಣದ ಬಳಪದ ಕಲ್ಲು, ಗೋಡೆಯ ಕೆಳಭಾಗದಲ್ಲಿ ಆನೆಗಳ ಸಾಲು, ಬೆಳಗಿನ ಓರೆ ಬಿಸಿಲು, ಬಣ್ಣ ಬಳಿದಿಲ್ಲ, ಜನರಿಲ್ಲ.’ ಇಷ್ಟು ಹೇಳಿದರೆ ಪರವಾಗಿಲ್ಲ ಅನ್ನುವಂಥದ್ದು ಬರುತ್ತದೆ. ಅದನ್ನು ಮಸುಕಾದ ಹಿನ್ನೆಲೆಯಾಗಿ ಮಾತ್ರ ಬಳಸಿ.

ನಿಜವಾಗಿ ಇರುವ ಜಾಗವನ್ನೇ ಮುಂದೆ ತೋರಿಸಬೇಕಾದರೆ ನಿಜವಾದ ಫೋಟೋ ಹಾಕಿ. ಹಂಪಿಯ ಕಲ್ಲಿನ ರಥವನ್ನು ಎಐ ಬಹಳ ಚಂದ ಮಾಡಿಕೊಡುತ್ತದೆ, ಚಕ್ರ ಮಾತ್ರ ಬೇರೆ ಕಡೆ ಇರುತ್ತದೆ, ಮುಂದಿನ ಆನೆಗಳು ಕುದುರೆಯಾಗಿರುತ್ತವೆ. ಯಾರಿಗೆ ಗೊತ್ತಾಗುತ್ತದೆ ಅಂದುಕೊಳ್ಳಬೇಡಿ. ಆ ರಥ ಎಲ್ಲರ ಜೇಬಿನಲ್ಲೂ ಇದೆ, 50 ರೂಪಾಯಿ ನೋಟಿನ ಹಿಂಬದಿ. ನಾಡಧ್ವಜ ಬಂದರೆ ಅದನ್ನೂ ನೋಡಿಕೊಳ್ಳಿ: ಹಳದಿ ಮೇಲೆ, ಕೆಂಪು ಕೆಳಗೆ. ಗಾಳಿಗೆ ಹಾರುವ ಬಾವುಟ ಕೇಳಿದರೆ ಎಐ ತಿರುಗುಮುರುಗು ಮಾಡುವುದುಂಟು, ಜತೆಗೆ ಯಾರೂ ಕೇಳದ ಮೂರನೇ ಬಣ್ಣವನ್ನೂ ಸೇರಿಸುತ್ತದೆ.

ಇನ್ನು ಫೋಟೋ ರಿಪೇರಿ. ಕಳೆದ ವರ್ಷದ ಕಾರ್ಯಕ್ರಮದ ಒಂದು ಒಳ್ಳೆಯ ಚಿತ್ರ ಇದೆ ಅನ್ನಿ, ಡೊಳ್ಳು ಕುಣಿತದ್ದು. ಆದರೆ ಹಿಂದೆ ಪ್ಲಾಸ್ಟಿಕ್ ಕುರ್ಚಿ ಪೇರಿಸಿದ್ದಾರೆ, ಮೇಲೊಂದು ಕರೆಂಟ್ ವೈರ್ ಹಾದುಹೋಗಿದೆ. ಫೋಟೋಶಾಪ್‌ನಲ್ಲಿ ಹೀಗೆ ಮಾಡಿ.

1. ಲ್ಯಾಸೋ ಟೂಲಿನಿಂದ ಕುರ್ಚಿಗಳ ಸುತ್ತ ಗೆರೆ ಎಳೆಯಿರಿ. ಅಂಚಿಗೆ ಸರಿಯಾಗಿ ಬೇಡ, ಸುತ್ತಲಿನ ನೆಲ, ಗೋಡೆಯೂ ಸ್ವಲ್ಪ ಒಳಗೆ ಬರಲಿ. ನೆರಳಿದ್ದರೆ ನೆರಳನ್ನೂ ಸೇರಿಸಿ.
2. ಕೆಳಗೆ ಕಾಣುವ ಪಟ್ಟಿಯಲ್ಲಿ ‘ಜನರೇಟಿವ್ ಫಿಲ್’ ಒತ್ತಿ. ಏನಾದರೂ ತೆಗೆಯಬೇಕಾದರೆ ಪೆಟ್ಟಿಗೆಯಲ್ಲಿ ಏನೂ ಬರೆಯದೆ ‘ಜನರೇಟ್’ ಕೊಡಿ. ‘ಕುರ್ಚಿ ತೆಗೆ’ ಅಂತ ಬರೆದರೆ ಕೆಲವು ಸಲ ಬೇರೆ ಕುರ್ಚಿ ತಂದಿಡುತ್ತದೆ!
3. ಮೂರು ಆಯ್ಕೆ ಬರುತ್ತವೆ. ಮೂರನ್ನೂ ನೂರು ಪರ್ಸೆಂಟ್ ಜೂಮ್ ಮಾಡಿ ನೋಡಿ. ಪರದೆಗೆ ಹೊಂದಿಸಿಕೊಂಡು ನೋಡಿದರೆ ಎಲ್ಲವೂ ಚೆಂದವೇ.
4. ಫಲಿತಾಂಶ ಬೇರೆ ಲೇಯರ್‌ನಲ್ಲಿ (ಮೂಲದ ಮೇಲೆ ಕೂರುವ ಪದರದಲ್ಲಿ) ಬರುತ್ತದೆ, ಮೂಲ ಫೋಟೋ ಹಾಗೇ ಇರುತ್ತದೆ. ಆ ಲೇಯರನ್ನು ಮೂಲದ ಜತೆ ಸೇರಿಸಬೇಡಿ.
5. ಚಿತ್ರ ಅಡ್ಡಕ್ಕಿದ್ದು ನಿಮಗೆ ಉದ್ದಕ್ಕೆ ಬೇಕಾದರೆ, ಕ್ರಾಪ್ ಟೂಲನ್ನು ಚಿತ್ರದ ಆಚೆಗೆ ಎಳೆದು ‘ಜನರೇಟಿವ್ ಎಕ್ಸ್‌ಪ್ಯಾಂಡ್’ ಕೊಡಿ. ಆಕಾಶ, ನೆಲ, ಗೋಡೆ ಬೆಳೆಸಲು ಇದು ಭಲೇ ಚೆನ್ನಾಗಿದೆ. ಅರ್ಧ ಕತ್ತರಿಸಿದ ಮನುಷ್ಯರನ್ನು ಪೂರ್ತಿ ಮಾಡಲು ಬಿಡಬೇಡಿ, ಬೆರಳೆಣಿಸುವ ಕೆಲಸ ನಿಮ್ಮದಾಗುತ್ತದೆ.

ಕ್ಯಾನ್ವಾದಲ್ಲೂ ಮ್ಯಾಜಿಕ್ ಇರೇಸರ್, ಮ್ಯಾಜಿಕ್ ಎಕ್ಸ್‌ಪ್ಯಾಂಡ್ ಎಂಬ ಹೆಸರಲ್ಲಿ ಇವೇ ಸೌಲಭ್ಯಗಳಿವೆ. ಸ್ಟೇಟಸ್‌ಗೆ ಅವು ಸಾಕು. ಪ್ರಿಂಟಿಗೆ ನಾನು ಫೋಟೋಶಾಪನ್ನೇ ನಂಬುತ್ತೇನೆ.

ಪ್ರಿಂಟ್ ಅಂದಾಗ ಒಂದು ಲೆಕ್ಕ ನೆನಪಿಡಿ. ಎ4 ಹಾಳೆಗೆ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕೆ) ಬೇಕಾದರೆ 2480 × 3508 ಪಿಕ್ಸೆಲ್ ಬೇಕು. ಎಐ ಕೊಡುವ ಚಿತ್ರ 1024 ಪಿಕ್ಸೆಲ್ ಅಗಲದ್ದಾದರೆ ಅದು 300 ಡಿಪಿಐನಲ್ಲಿ ಮೂರೂವರೆ ಇಂಚೂ ಆಗುವುದಿಲ್ಲ, ಅಂದರೆ ಅಂಗೈ ಅಗಲ. ಅದನ್ನೇ ಎ4 ಪೂರ್ತಿ ಎಳೆದರೆ 124 ಡಿಪಿಐಗೆ ಇಳಿಯುತ್ತದೆ. ಮಸುಕಾದ ಹಿನ್ನೆಲೆಗಾದರೆ ನಡೆಯುತ್ತದೆ, ಮುಂದೆ ನಿಲ್ಲುವ ಚಿತ್ರಕ್ಕೆ ನಡೆಯುವುದಿಲ್ಲ. ಫ್ಲೆಕ್ಸ್ ದೂರದಿಂದ ನೋಡುವಂಥದ್ದು, ಅದಕ್ಕೆ 72ರಿಂದ 100 ಡಿಪಿಐ ಇದ್ದರೂ ಸಾಕು.

ಅತಿಥಿಗಳ ಮುಖಕ್ಕೆ ಎಐ ಮುಟ್ಟಿಸಬೇಡಿ. ವಾಟ್ಸಾಪ್ ಡಿಪಿಯಿಂದ ತೆಗೆದ ಮಸುಕು ಫೋಟೋವನ್ನು ‘ಎನ್‌ಹಾನ್ಸ್’ ಮಾಡಿದರೆ ಚರ್ಮ ಹೊಳೆಯುತ್ತದೆ, ಕಣ್ಣು ಮಿನುಗುತ್ತದೆ, ಮನುಷ್ಯ ಮಾತ್ರ ಬೇರೆಯವನು. ಒಂದು ಸಲ ನಮ್ಮ ಹಿರಿಯ ಅತಿಥಿಯೊಬ್ಬರಿಗೆ ಅರವತ್ತರ ಬದಲು ನಲವತ್ತು ವಯಸ್ಸಾಗಿತ್ತು. ಅವರೇನೋ ಖುಷಿಪಟ್ಟರು, ಅವರ ಮನೆಯವರು ‘ಯಾರಿವರು?’ ಅಂದರು. ಅದಕ್ಕಿಂತ ‘ಸರ್, ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿ’ ಎಂದು ಕೇಳುವುದೇ ವಾಸಿ. ಹಾಗೆ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುವುದಿಲ್ಲ.

ಹಂತ 4: ಎಲ್ಲರನ್ನೂ ಒಳಗೆ ಕರೆಯುವುದು, ಆದರೆ ಅಡುಗೆಮನೆಗಲ್ಲ

ಕ್ಯಾನ್ವಾದಲ್ಲಿ ಮೇಲೆ ಬಲಗಡೆ ‘ಶೇರ್’ ಒತ್ತಿದರೆ ಲಿಂಕ್ ಸಿಗುತ್ತದೆ. ಲಿಂಕ್ ಪಡೆದವರು ಏನು ಮಾಡಬಹುದು ಎಂಬುದಕ್ಕೆ ಮೂರು ಆಯ್ಕೆ: ಬರೀ ನೋಡಬಹುದು, ಕಮೆಂಟ್ ಹಾಕಬಹುದು, ಎಡಿಟ್ ಮಾಡಬಹುದು. ನನ್ನ ನಿಯಮ ಇದು. ಎಡಿಟ್ ನನಗೆ ಮತ್ತು ಕಾರ್ಯದರ್ಶಿಗೆ. ಕಮೆಂಟ್ ಇನ್ನು ಮೂವರಿಗೆ. ಉಳಿದವರೆಲ್ಲ ನೋಡುವವರು.

ಈ ನಿಯಮಕ್ಕೆ ನಾನು ಬೆಲೆ ತೆತ್ತಿದ್ದೇನೆ. ಮೊದಲ ವರ್ಷ ಸಮಿತಿಯ ಗ್ರೂಪಿಗೆ ಎಡಿಟ್ ಲಿಂಕನ್ನೇ ಹಾಕಿದ್ದೆ. ಪ್ರೂಫ್ ನೋಡಿ ಎಲ್ಲರೂ ‘ಸೂಪರ್’ ಅಂದರು. ಅದೇ ರಾತ್ರಿ ಯಾರೋ ಒಬ್ಬರು ಮೊಬೈಲಲ್ಲಿ ಜೂಮ್ ಮಾಡಲು ಹೋಗಿ, ಬೆರಳು ತಾಗಿ, ‘ಸಂಜೆ 5’ ಅನ್ನುವ ಪೆಟ್ಟಿಗೆಯನ್ನು ಚಿತ್ರದ ಹಿಂದಕ್ಕೆ ತಳ್ಳಿದ್ದರು. ಬೆಳಗ್ಗೆ ನಾನು ನೋಡದೆ ಫೈಲ್ ಪ್ರೆಸ್‌ಗೆ ಕಳಿಸಿದೆ. ಐನೂರು ಪ್ರತಿ, ಸಮಯವೇ ಇಲ್ಲ. ರಬ್ಬರ್ ಸ್ಟಾಂಪ್ ಮಾಡಿಸಿ ಒಂದೊಂದಕ್ಕೂ ಒತ್ತಿದೆವು.

ಅಂದಿನಿಂದ ಒಪ್ಪಿಗೆಯಾದ ಪಠ್ಯದ ಪೆಟ್ಟಿಗೆಗಳಿಗೆಲ್ಲ ಬೀಗ ಹಾಕುತ್ತೇನೆ. ಪೆಟ್ಟಿಗೆಯನ್ನು ಆರಿಸಿ ‘ಲಾಕ್’ ಒತ್ತಿದರೆ ಆಯಿತು. ಹಾಗೆಯೇ ಒಪ್ಪಿಗೆಯಾದ ದಿನ ಡಿಸೈನಿನ ನಕಲು ಮಾಡಿ, ಹೆಸರಿಗೆ ದಿನಾಂಕ ಸೇರಿಸಿ ಬೇರೆ ಇಡುತ್ತೇನೆ. ವರ್ಷನ್ ಹಿಸ್ಟರಿ (ಹಳೆಯ ರೂಪಕ್ಕೆ ಮರಳುವ ಸೌಲಭ್ಯ) ಇರುವ ಖಾತೆಯಾದರೂ ನಕಲು ಇರಲಿ. ‘ಫೈನಲ್’, ‘ಫೈನಲ್ 2’, ‘ಫೈನಲ್ ನಿಜವಾದದ್ದು’ ಅಂತ ಹೆಸರಿಡುವ ಚಟ ಬಿಡಿ.

ಕಮೆಂಟ್ ಹಾಕುವವರಿಗೆ ಒಂದೇ ಮಾತು ಹೇಳಿಕೊಡಿ: ತಿದ್ದಬೇಕಾದ ಪೆಟ್ಟಿಗೆಯನ್ನು ಮೊದಲು ಒತ್ತಿ, ಆಮೇಲೆ ಕಮೆಂಟ್ ಬರೆಯಿರಿ. ಹಾಗೆ ಮಾಡಿದರೆ ಕಮೆಂಟ್ ಆ ಜಾಗಕ್ಕೇ ಅಂಟಿಕೊಳ್ಳುತ್ತದೆ. ಯಾರಿಗೆ ಹೇಳಬೇಕೋ ಅವರ ಹೆಸರಿಗೆ ಮುಂಚೆ @ ಹಾಕಿದರೆ ಅವರಿಗೆ ಸೂಚನೆ ಹೋಗುತ್ತದೆ. ತಿದ್ದಿದ ಮೇಲೆ ‘ರಿಸಾಲ್ವ್’ ಒತ್ತಿ. ಪಟ್ಟಿ ಖಾಲಿಯಾದಾಗ ಕೆಲಸ ಮುಗಿಯಿತು ಅಂತ ಲೆಕ್ಕ.

ಈಗ ವಾಸ್ತವಕ್ಕೆ ಬರೋಣ. ನಮ್ಮ ಅಧ್ಯಕ್ಷರು ಕಮೆಂಟ್ ಹಾಕುವವರಲ್ಲ. ಅವರು ಸ್ಕ್ರೀನ್‌ಶಾಟ್ ಮೇಲೆ ಬೆರಳಲ್ಲಿ ಕೆಂಪು ಗೆರೆ ಎಳೆದು, ‘ಇಲ್ಲಿ ನೋಡಪ್ಪಾ’ ಅಂತ ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಅವರನ್ನು ತಿದ್ದಲು ಹೋಗಬೇಡಿ. ಕಾರ್ಯದರ್ಶಿಗೋ ಹುಡುಗರಲ್ಲಿ ಒಬ್ಬರಿಗೋ ಕೆಲಸ ವಹಿಸಿ: ವಾಟ್ಸಾಪ್‌ನಲ್ಲಿ ಬಂದದ್ದನ್ನೆಲ್ಲ ಅವರು ಕ್ಯಾನ್ವಾದ ಕಮೆಂಟ್ ಆಗಿ ಬರೆಯಬೇಕು. ನೀವು ಕ್ಯಾನ್ವಾ ಬಿಟ್ಟು ಬೇರೆಲ್ಲೂ ನೋಡುವುದಿಲ್ಲ ಅಂತ ಮೊದಲೇ ಹೇಳಿಬಿಡಿ. ಎರಡು ಕಡೆಯಿಂದ ತಿದ್ದುಪಡಿ ಬಂದರೆ ಒಂದು ಕಡೆಯದ್ದು ಬಿಟ್ಟುಹೋಗುವುದು ಖಂಡಿತ. ತಿದ್ದುಪಡಿಗೆ ಕೊನೆಯ ಗಂಟೆಯನ್ನೂ ಗೊತ್ತುಮಾಡಿ. ಕೊನೆಯ ಮಾತು ಯಾರದ್ದು ಎಂಬುದು ಆ ಗಂಟೆಗೆ ಮುಂಚೆಯೇ ತೀರ್ಮಾನವಾಗಿರಲಿ.

ಫೋಟೋಶಾಪ್‌ನಲ್ಲೂ ಫೈಲನ್ನು ಕ್ಲೌಡ್ ಡಾಕ್ಯುಮೆಂಟ್ ಆಗಿ ಉಳಿಸಿದರೆ ಬೇರೆಯವರನ್ನು ಕರೆಯಬಹುದು, ಬರೀ ಅಭಿಪ್ರಾಯಕ್ಕಾಗಿ ಲಿಂಕ್ ಕಳಿಸಬಹುದು. ನಮ್ಮಂಥ ಕೆಲಸಕ್ಕೆ ಅದು ಅಪರೂಪಕ್ಕೆ ಬೇಕಾಗುತ್ತದೆ.

ಫಿಗ್ಮಾ ಬಳಸುವವರಿಗೆ ಎರಡು ಮಾತು

ಆ್ಯಪ್, ವೆಬ್‌ಸೈಟ್ ಡಿಸೈನ್ ಮಾಡುವವರ ಮನೆ ಫಿಗ್ಮಾ. ಒಂದೇ ಫೈಲಿನಲ್ಲಿ ಹತ್ತು ಜನರ ಕರ್ಸರ್ ಓಡಾಡುವುದನ್ನು ಎಲ್ಲರಿಗೂ ರೂಢಿ ಮಾಡಿಸಿದ್ದು ಅದೇ. ಲೇಯರುಗಳಿಗೆ ಹೆಸರಿಡುವುದು, ಮಾದರಿ ಪಠ್ಯ ತುಂಬುವುದು, ಇಂಥ ಬೇಸರದ ಕೆಲಸಕ್ಕೆ ಅದರ ಎಐ ತುಂಬ ಚೆನ್ನಾಗಿದೆ. ಪೂರ್ತಿ ಪರದೆಯನ್ನೇ ಮಾಡಿಸುವಾಗ ಹುಷಾರು. 2024ರಲ್ಲಿ ಅದರ ‘ಮೇಕ್ ಡಿಸೈನ್ಸ್’ ಸೌಲಭ್ಯ ಹವಾಮಾನದ ಆ್ಯಪ್ ಕೇಳಿದರೆ ಆ್ಯಪಲ್‌ನ ಹವಾಮಾನ ಆ್ಯಪನ್ನೇ ಹೋಲುವ ಪರದೆ ಕೊಡುತ್ತಿತ್ತು. ಗಲಾಟೆಯಾಗಿ ಅದನ್ನು ಹಿಂತೆಗೆದುಕೊಂಡರು, ಆಮೇಲೆ ‘ಫಸ್ಟ್ ಡ್ರಾಫ್ಟ್’ ಎಂಬ ಹೆಸರಲ್ಲಿ ಮರಳಿ ತಂದರು. ಹೊಸ ಹೆಸರೇ ಸರಿ: ಅದು ಮೊದಲ ಕರಡು ಮಾತ್ರ.

ನಿಮ್ಮ ಫೈಲನ್ನು ಎಐ ತರಬೇತಿಗೆ ಬಳಸಬಹುದೇ ಎಂಬ ಸೆಟ್ಟಿಂಗ್ ಫಿಗ್ಮಾದಲ್ಲೂ ಇದೆ, ಕ್ಯಾನ್ವಾದಲ್ಲೂ ಇದೆ. ಗಿರಾಕಿಯ ಕೆಲಸ ಮಾಡುವವರು ಮೊದಲ ದಿನವೇ ಅದನ್ನು ತೆರೆದು ನೋಡಿ. ಫಿಗ್ಮಾದ ಸ್ಟಾರ್ಟರ್ ಮತ್ತು ಪ್ರೊಫೆಶನಲ್ ಖಾತೆಗಳಲ್ಲಿ 2024ರಲ್ಲಿ ಅದನ್ನು ತಾನಾಗಿಯೇ ಆನ್ ಇಟ್ಟಿದ್ದರು.

ಹಂತ 5: ಪ್ರೆಸ್‌ಗೆ ಹೋಗುವಾಗ

ನಮ್ಮೂರುಗಳ ಪ್ರೆಸ್‌ನಲ್ಲಿ ಫೈಲನ್ನು ಡಿಸೈನ್ ಸಾಫ್ಟ್‌ವೇರ್ ಆದ ಕೋರಲ್‌ಡ್ರಾದಲ್ಲಿ ತೆರೆಯುತ್ತಾರೆ. ನೀವು ಕೊಟ್ಟ ಪಿಡಿಎಫ್‌ನಲ್ಲಿ ಪಠ್ಯ ಪಠ್ಯವಾಗಿಯೇ ಉಳಿದಿದ್ದರೆ, ಅಲ್ಲಿ ಫಾಂಟ್ ಸಿಗದೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಬಹುದು. ಆದ್ದರಿಂದ ಕ್ಯಾನ್ವಾದಿಂದ ‘ಪಿಡಿಎಫ್ ಪ್ರಿಂಟ್’ ಆರಿಸಿ, ‘ಕ್ರಾಪ್ ಮಾರ್ಕ್ಸ್ ಆಂಡ್ ಬ್ಲೀಡ್’ ಮತ್ತು ‘ಫ್ಲ್ಯಾಟನ್ ಪಿಡಿಎಫ್’ ಎರಡಕ್ಕೂ ಟಿಕ್ ಹಾಕಿ. ಫೋಟೋಶಾಪ್‌ನಲ್ಲಾದರೆ ಫೈಲಿನ ನಕಲು ಮಾಡಿ, ಪಠ್ಯದ ಲೇಯರನ್ನು ‘ಕನ್ವರ್ಟ್ ಟು ಶೇಪ್’ ಮಾಡಿ. ಹಿನ್ನೆಲೆ ಅಂಚಿನಿಂದ 3 ಮಿಲಿಮೀಟರ್ ಆಚೆಗೆ ಚಾಚಿರಲಿ, ಇಲ್ಲವಾದರೆ ಕತ್ತರಿಸಿದ ಮೇಲೆ ಬಿಳಿ ಗೆರೆ ಇಣುಕುತ್ತದೆ.

ಬಣ್ಣ ಪರದೆಯ ಆರ್‌ಜಿಬಿಯಿಂದ ಪ್ರೆಸ್ ಶಾಯಿಯ ಸಿಎಂವೈಕೆಗೆ ಹೋಗುವಾಗ ಮಂಕಾಗುತ್ತದೆ. ಎಐ ಚಿತ್ರಗಳ ಹೊಳೆಯುವ ನೀಲಿ, ಹಸಿರು ಜಾಸ್ತಿ ಸಾಯುತ್ತವೆ. ನಮ್ಮ ಅದೃಷ್ಟ, ಅರಿಶಿನ ಕುಂಕುಮಕ್ಕೆ ಅಷ್ಟು ತೊಂದರೆಯಿಲ್ಲ. ಹಳದಿಗೆ ಯೆಲ್ಲೋ 100, ಕೆಂಪಿಗೆ ಮಜೆಂಟಾ 100 ಮತ್ತು ಯೆಲ್ಲೋ 100 ಕೊಟ್ಟರೆ ಹಾಳೆಯ ಮೇಲೂ ಗಟ್ಟಿಯಾಗಿ ಬರುತ್ತವೆ.

ಐನೂರು ಪ್ರತಿ ಒತ್ತುವ ಮುಂಚೆ ಒಂದು ಪ್ರತಿ ತೆಗೆಸಿ. ಅದನ್ನು ಪರದೆಯ ಮೇಲೆ ಇನ್ನೂ ನೋಡದ ಯಾರ ಕೈಗಾದರೂ ಕೊಟ್ಟು ಗಟ್ಟಿಯಾಗಿ ಓದಿಸಿ. ನಮ್ಮನೆಯಲ್ಲಿ ಆ ಕೆಲಸ ಅಮ್ಮನದು. ಕಳೆದ ಸಲ ಅವಳು ಎರಡೇ ನಿಮಿಷದಲ್ಲಿ ‘ಊಟದ ವ್ಯವಸ್ಥೆ ಇದೆಯೋ ಇಲ್ಲವೋ, ಅದನ್ನೇ ಹಾಕಿಲ್ವಲ್ಲೋ’ ಅಂದಳು. ಹನ್ನೊಂದು ಜನ, ಒಂದು ಎಐ, ಯಾರಿಗೂ ಅದು ಹೊಳೆದಿರಲಿಲ್ಲ.

ಕಾರ್ಯಕ್ರಮ ಮುಗಿದ ಮರುದಿನ ಕ್ಯಾನ್ವಾ ತೆರೆದು ಶೇರ್ ಲಿಂಕನ್ನು ‘ನಿಮಗೆ ಮಾತ್ರ’ ಎಂದು ಬದಲಿಸಿ. ಇಲ್ಲವಾದರೆ ಮುಂದಿನ ಅಕ್ಟೋಬರ್‌ನಲ್ಲಿ ಯಾರೋ ಹಳೆಯ ಲಿಂಕಿನಿಂದಲೇ ಹೊಸ ತಾರೀಖು ತಿದ್ದಲು ಶುರುಮಾಡಿರುತ್ತಾರೆ.